ಸಾಫ್ಟ್‌ವೇರ್ ಮಾಡಿಸುವವರೇ, ಮೊದಲು ಹಾಳೆಯ ಮೇಲೊಂದು ನಮೂನೆ ಕೇಳಿ

ಸಂಪಾದಕರಿಗೆ,

ಮಾನ್ಯರೇ,

ಮಂಗಳೂರನ್ನು ‘ಸಿಲಿಕಾನ್ ಬೀಚ್’ ಮಾಡುವ ಮಾತು ವೇದಿಕೆಗಳಲ್ಲಿ ಜೋರಾಗಿದೆ. ಆಗಲಿ, ಸಂತೋಷ. ಆದರೆ ಇದೇ ಕರಾವಳಿಯ ಸಹಕಾರಿ ಸಂಘ, ದೇವಸ್ಥಾನದ ಕಚೇರಿ, ಮೀನುಗಾರರ ಸೊಸೈಟಿ, ಶಾಲಾ ಆಡಳಿತ ಮಂಡಳಿಗಳು ತಮಗೊಂದು ಸಾಫ್ಟ್‌ವೇರ್ ಬೇಕೆಂದಾಗ ಹಿಡಿಯುವ ದಾರಿ ಹೆಚ್ಚಾಗಿ ಕಟ್ಟಡದ ಗುತ್ತಿಗೆಯದ್ದೇ. ಕೊಟೇಶನ್ ಕರೆಯುವುದು, ನೂರು ಪುಟದ ಬೇಡಿಕೆ ಪಟ್ಟಿಗೆ ಮಂಡಳಿಯ ಸಹಿ ಬೀಳುವುದು, ಎಂಟು ಹತ್ತು ತಿಂಗಳು ಕಾಯುವುದು, ಕೊನೆಗೆ ಬಂದದ್ದನ್ನು ಕೌಂಟರಿನಲ್ಲಿ ಕೂರುವವರ ತಲೆಗೆ ಕಟ್ಟುವುದು. ಆಮೇಲೆ ಕಂಪ್ಯೂಟರಿನ ಪಕ್ಕದಲ್ಲೇ ಹಳೆಯ ಉದ್ದ ಪುಸ್ತಕವೂ ನಡೆಯುತ್ತಿರುತ್ತದೆ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನಾವು ಕೆಲವರು ಈ ಕ್ರಮ ಬದಲಾಗಲಿ, ಕಟ್ಟುವ ಮೊದಲು ಒಂದು ನಮೂನೆ (ಪ್ರೊಟೊಟೈಪ್) ಮಾಡಿ ಬಳಸುವವರ ಕೈಗೆ ಕೊಟ್ಟು ನೋಡುವಂತಾಗಲಿ ಎಂಬ ಒಂದೇ ಬೇಡಿಕೆಯೊಂದಿಗೆ ಈ ಪತ್ರ ಬರೆಯುತ್ತಿದ್ದೇವೆ.

ನಾವು ಹೇಳುತ್ತಿರುವುದು ಹೊಸದೇನಲ್ಲ. ಒಂದು ಹಂತ ಮುಗಿಸಿಯೇ ಇನ್ನೊಂದಕ್ಕೆ ಇಳಿಯುವ ‘ವಾಟರ್‌ಫಾಲ್’ ಪದ್ಧತಿಯ ಮೂಲ ಎಂದು ಎಲ್ಲರೂ ಬೊಟ್ಟು ಮಾಡುವುದು ಅಮೆರಿಕದ ಸಾಫ್ಟ್‌ವೇರ್ ತಜ್ಞ ವಿನ್‌ಸ್ಟನ್ ರಾಯ್ಸ್ 1970ರಲ್ಲಿ ಬರೆದ ಲೇಖನಕ್ಕೆ. ವಿಚಿತ್ರವೆಂದರೆ ಅದನ್ನು ಹಾಗೆಯೇ ಪಾಲಿಸಿದರೆ ಅಪಾಯ ಎಂದು ಅವರೇ ಅದರಲ್ಲಿ ಬರೆದಿದ್ದಾರೆ. ಹೊಸ ಬಗೆಯ ಕೆಲಸವಾದರೆ ಮೊದಲು ಸಣ್ಣದಾಗಿ ಮಾಡಿ ನೋಡಿ, ಆಮೇಲೆ ನಿಜವಾದದ್ದಕ್ಕೆ ಕೈ ಹಾಕಿ ಎಂದೂ ಹೇಳಿದ್ದಾರೆ. 1986ರಲ್ಲಿ ಬ್ಯಾರಿ ಬೋಹ್ಮ್ ಸುರುಳಿ ಮಾದರಿಯನ್ನು ಮುಂದಿಟ್ಟರು: ಎಲ್ಲಕ್ಕಿಂತ ದೊಡ್ಡ ಅಪಾಯ ಎಲ್ಲಿದೆಯೋ ಅದನ್ನು ಮೊದಲ ಸುತ್ತಿನಲ್ಲೇ ಪರೀಕ್ಷಿಸಿ ಎಂಬುದು ಅದರ ತಿರುಳು. 1991ರಲ್ಲಿ ಜೇಮ್ಸ್ ಮಾರ್ಟಿನ್ ‘ರ‍್ಯಾಪಿಡ್ ಅಪ್ಲಿಕೇಶನ್ ಡೆವಲಪ್‌ಮೆಂಟ್’ ಎಂಬ ಹೆಸರನ್ನು ಬಳಕೆಗೆ ತಂದರು. ಅದರಲ್ಲಿ ನಾಲ್ಕು ಹಂತ: ಏನು ಬೇಕೆಂದು ಒರಟಾಗಿ ಗೊತ್ತು ಮಾಡುವುದು, ಬಳಸುವವರ ಜೊತೆ ಕೂತು ನಮೂನೆ ತಿದ್ದುವುದು, ಕಟ್ಟುವುದು, ಹಳೆಯದರಿಂದ ಹೊಸದಕ್ಕೆ ದಾಟುವುದು. ಇಲ್ಲಿಯ ಸಂಸ್ಥೆಗಳು ಬಿಟ್ಟುಬಿಡುವುದು ಎರಡನೆಯದನ್ನು.

ಸಂಗ್ರಾಹಕರು ಮನೆ, ಅಂಗಡಿಗೆ ಬಂದು ದಿನದಿನ ಸಣ್ಣ ಮೊತ್ತ ಪಡೆಯುವ ಪಿಗ್ಮಿ ಠೇವಣಿಯನ್ನೇ ತೆಗೆದುಕೊಳ್ಳಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆ 1928ರಲ್ಲಿ ದಿನಕ್ಕೆ ಎರಡಾಣೆ ಸಂಗ್ರಹದಿಂದ ಶುರು ಮಾಡಿದ್ದು ಇದು, ಉಡುಪಿಯವರಿಗೆ ವಿವರಿಸಬೇಕಾಗಿಲ್ಲ. ಈಗ ಒಂದು ಸಂಘಕ್ಕೆ ಪಿಗ್ಮಿ ಸಂಗ್ರಹದ ಮೊಬೈಲ್ ಆ್ಯಪ್ ಬೇಕಾಗಿದೆ ಎನ್ನೋಣ. ಮೊದಲ ಸುತ್ತಿಗೆ ಕಂಪ್ಯೂಟರ್ ಬೇಡವೇ ಬೇಡ. ಎ4 ಹಾಳೆಯನ್ನು ನಾಲ್ಕಾಗಿ ಕತ್ತರಿಸಿದರೆ ಒಂದೊಂದು ತುಂಡು ಹೆಚ್ಚುಕಡಿಮೆ ಫೋನಿನ ಗಾತ್ರಕ್ಕೆ ಬರುತ್ತದೆ. ಒಂದು ಪರದೆಗೆ ಒಂದು ತುಂಡು, ಪೆನ್ಸಿಲಿನಲ್ಲಿ. ಲಾಗಿನ್, ಇಂದಿನ ಗ್ರಾಹಕರ ಪಟ್ಟಿ, ಹುಡುಕುವುದು, ಮೊತ್ತ ನಮೂದಿಸುವುದು, ರಶೀದಿ, ತಪ್ಪು ತಿದ್ದುವುದು, ಸಂಜೆಯ ನಗದು ತಾಳೆ, ಕಚೇರಿಗೆ ಒಪ್ಪಿಸುವುದು: ಎಂಟು ಪರದೆ, ಇಬ್ಬರಿಗೆ ಎರಡು ಗಂಟೆಯ ಕೆಲಸ. ಪಿಗ್ಮಿ ಸಂಗ್ರಾಹಕರೊಬ್ಬರನ್ನು ಎದುರು ಕೂರಿಸಿ, ‘ಈ ಅಂಗಡಿಯವರು ನೂರು ರೂಪಾಯಿ ಕೊಟ್ಟರು, ಬರೆದುಕೊಳ್ಳಿ’ ಎನ್ನಿ. ಅವರು ಹಾಳೆಯ ಮೇಲೆ ಬೆರಳು ಒತ್ತಿದಂತೆ ನಮ್ಮಲ್ಲೊಬ್ಬರು ಹಾಳೆ ಬದಲಿಸುತ್ತಾ ಹೋಗಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಮೂರನೆಯವರು ಇರಬಾರದು. ಮುಖ್ಯವಾಗಿ ಯಾರೂ ವಿವರಿಸಬಾರದು. ಅವರ ಬೆರಳು ಎಲ್ಲಿ ತಡವರಿಸಿತೋ ಆ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗುರುತು, ಅಷ್ಟೇ.

ಆಮೇಲೆ ಅದೇ ಹಾಳೆಗಳನ್ನು ಜೇಬಿಗೆ ಹಾಕಿ ಸಂಗ್ರಾಹಕರ ಜೊತೆ ಒಂದು ಬೆಳಿಗ್ಗೆ ಪೇಟೆ ಸುತ್ತಬೇಕು. ನೂರು ಪುಟದ ಪಟ್ಟಿಯಲ್ಲಿ ಇಲ್ಲದ ಸಂಗತಿಗಳು ಕಾಣುವುದು ಆಗ. ಬಲಗೈಯಲ್ಲಿ ನೋಟು, ಎಡಗೈಯಲ್ಲಿ ಫೋನು. ಅಂದರೆ ಎಡ ಹೆಬ್ಬೆರಳು ಮುಟ್ಟುವಷ್ಟೇ ಜಾಗದಲ್ಲಿ ಮುಖ್ಯ ಗುಂಡಿಗಳಿರಬೇಕು, ಮೇಲಿನ ಬಲಮೂಲೆಯಲ್ಲಿ ‘ಉಳಿಸು’ ಇಟ್ಟರೆ ಕೆಟ್ಟಿತು. ಮಳೆಗಾಲದಲ್ಲಿ ಒಂದು ಕೈ ಕೊಡೆಗೆ ಹೋಗುತ್ತದೆ, ಫೋನು ಪ್ಲಾಸ್ಟಿಕ್ ಚೀಲದೊಳಗೆ ಇರುತ್ತದೆ. ಚೀಲದ ಮೇಲಿಂದ ಸಣ್ಣ ಗುಂಡಿ ಸಿಗುವುದಿಲ್ಲ. ಸಂಗ್ರಾಹಕರು ಹೋಗುವುದು ಖಾತೆ ಸಂಖ್ಯೆಯ ಕ್ರಮದಲ್ಲಲ್ಲ, ಅಂಗಡಿಗಳ ಸಾಲಿನ ಕ್ರಮದಲ್ಲಿ. ಆದ್ದರಿಂದ ಪಟ್ಟಿಯನ್ನು ಅವರೇ ಹಿಂದೆಮುಂದೆ ಜೋಡಿಸಿಕೊಳ್ಳುವಂತಿರಬೇಕು. ಮಲ್ಪೆಯಲ್ಲೋ ಮಂಗಳೂರಿನ ಮೀನುಗಾರಿಕಾ ಧಕ್ಕೆಯಲ್ಲೋ ಮೀನು ಮಾರುವವರ ಲೆಕ್ಕಕ್ಕೆ ಆ್ಯಪ್ ಮಾಡುವುದಾದರೆ ಒದ್ದೆ ಬೆರಳಿಗೆ ಟಚ್ ಪರದೆ ಸರಿಯಾಗಿ ಓಗೊಡುವುದಿಲ್ಲ ಎಂಬುದೇ ಮೊದಲ ಪಾಠ. ಅದು ಎಸಿ ಕೋಣೆಯ ಸಭೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಶಬ್ದಗಳದ್ದು ಇನ್ನೊಂದು ಕಥೆ. ಇಂಗ್ಲಿಷಿನ ‘ಬ್ಯಾಲೆನ್ಸ್’ ಎಂಬುದನ್ನು ತಂಡದ ಯಾರೋ ‘ಬಾಕಿ’ ಎಂದು ಹಾಕಿಬಿಡುತ್ತಾರೆ. ಪಿಗ್ಮಿ ಕಟ್ಟುವ ಅಂಗಡಿಯವರು ರಶೀದಿಯಲ್ಲಿ ‘ಬಾಕಿ 8,400’ ಎಂದು ನೋಡಿದರೆ ತಾವು ಸಂಘಕ್ಕೆ ಕೊಡಬೇಕಾದದ್ದು ಎಂದುಕೊಳ್ಳುವುದಿಲ್ಲವೇ? ಲೆಕ್ಕದ ಪುಸ್ತಕದಲ್ಲಿ ‘ಶಿಲ್ಕು’ ಎಂಬ ಪದ ತಲೆಮಾರುಗಳಿಂದ ಇದೆ, ರಶೀದಿಗೆ ‘ಈವರೆಗಿನ ಜಮೆ’ ಎಂದರೆ ಇನ್ನೂ ಸ್ಪಷ್ಟ. ದೇವಸ್ಥಾನದ ಸೇವಾ ಕೌಂಟರಿನದ್ದೂ ಹಾಗೆಯೇ. ಸಂಕ್ರಮಣದ ದಿನ ಸಾಲು ಹೊರಗಿನವರೆಗೆ ಇರುವಾಗ ಮೌಸ್ ಹಿಡಿದು 27 ನಕ್ಷತ್ರಗಳ ಪಟ್ಟಿಯಲ್ಲಿ ಕೆಳಗಿಳಿಯಲು ಗುಮಾಸ್ತರಿಗೆ ಪುರುಸೊತ್ತಿಲ್ಲ. ಎರಡಕ್ಷರ ಒತ್ತಿದರೆ ನಕ್ಷತ್ರ ಬರಬೇಕು, ಎಂಟರ್ ಒತ್ತಿದರೆ ಮುಂದಿನ ಮನೆಗೆ ಹೋಗಬೇಕು, ಕೈ ಕೀಬೋರ್ಡ್ ಬಿಡಬಾರದು. ಇದನ್ನು ಅವರು ಬಾಯಿಬಿಟ್ಟು ಹೇಳಲಾರರು. ನಮೂನೆ ಕೈಗೆ ಕೊಟ್ಟು ನೋಡಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ನಮೂನೆಯನ್ನು ಯಾರಿಗೆ ತೋರಿಸುತ್ತೀರಿ ಎಂಬುದರ ಮೇಲೆ ಅರ್ಧ ಯೋಜನೆಯೇ ನಿಂತಿದೆ, ಮತ್ತು ನಮ್ಮ ಅಭಿಪ್ರಾಯದಲ್ಲಿ ಹೆಚ್ಚಿನವು ಕೆಡುವುದು ಇಲ್ಲೇ. ಅಧ್ಯಕ್ಷರು, ಕಾರ್ಯದರ್ಶಿಗಳು ಮುಂದಿನ ಸಾಲಿನಲ್ಲಿ ಕೂತ ಸಭೆಯಲ್ಲಿ ಕೌಂಟರ್ ಗುಮಾಸ್ತರು ಬಾಯಿ ತೆರೆಯುವುದಿಲ್ಲ. ಕೇಳಿದರೆ ‘ಅಡ್ಡಿಲ್ಲ’ ಎನ್ನುತ್ತಾರೆ. ನಮ್ಮ ಕಡೆ ‘ಅಡ್ಡಿಲ್ಲ’ ಎಂದರೆ ಚೆನ್ನಾಗಿದೆ ಎಂದೂ ಆಗಬಹುದು, ನಿಮ್ಮ ಹಣೆಬರಹ ಎಂದೂ ಆಗಬಹುದು. ಹಾಗಾಗಿ ಬಳಸುವವರನ್ನು ಒಬ್ಬೊಬ್ಬರನ್ನಾಗಿ, ಮೇಲಧಿಕಾರಿಗಳಿಲ್ಲದೆ, ಅರ್ಧ ಗಂಟೆ ಕೂರಿಸಬೇಕು; ‘ಹೇಗಿದೆ?’ ಎಂದು ಕೇಳದೆ ಒಂದು ಕೆಲಸ ಕೊಟ್ಟು ಮಾಡಿಸಬೇಕು. ಎಷ್ಟು ಜನ? ಯಾಕೋಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಹಾಕಿದ ಲೆಕ್ಕದಂತೆ ಒಬ್ಬ ಬಳಕೆದಾರ ಸರಾಸರಿ ಶೇ 31ರಷ್ಟು ತೊಡಕುಗಳನ್ನು ಹೊರತೆಗೆಯುತ್ತಾನೆ, ಐದು ಜನರಾದರೆ ಅದು ಸುಮಾರು ಶೇ 85ಕ್ಕೆ ಮುಟ್ಟುತ್ತದೆ. ಆದರೆ ಇದು ಒಂದೇ ಬಗೆಯ ಕೆಲಸ ಮಾಡುವ ಐವರ ಲೆಕ್ಕ. ಪೇಟೆ ಸುತ್ತುವ ಸಂಗ್ರಾಹಕರು ಬೇರೆ, ಸಂಜೆ ಅವರ ದುಡ್ಡು ಎಣಿಸಿ ತೆಗೆದುಕೊಳ್ಳುವ ಕ್ಯಾಷಿಯರ್ ಬೇರೆ. ಎರಡೂ ಗುಂಪಿನವರನ್ನು ಬೇರೆಬೇರೆಯಾಗಿ ನೋಡಬೇಕು. ಒಂದೇ ಸಲ ಹದಿನೈದು ಜನರಿಗೆ ತೋರಿಸುವುದಕ್ಕಿಂತ ಐವರಿಗೆ ತೋರಿಸಿ, ತಿದ್ದಿ, ಇನ್ನೈವರಿಗೆ ತೋರಿಸುವುದು ಲಾಭ.

ಎರಡನೇ ಸುತ್ತಿನಲ್ಲಿ ಫೋನಿನ ಮೇಲೆ ಒತ್ತಬಹುದಾದ ನಮೂನೆ. ಹಿಂದೆ ಡೇಟಾಬೇಸ್ ಇಲ್ಲದಿದ್ದರೂ ಅಡ್ಡಿಯಿಲ್ಲ, ಆದರೆ ತುಂಬಿಸುವ ಹೆಸರುಗಳು ನಿಜದಂತೆ ಇರಬೇಕು. ‘ಟೆಸ್ಟ್ 1’, ‘ಟೆಸ್ಟ್ 2’ ಎಂದು ಹಾಕಿದರೆ ಯಾವ ತಪ್ಪೂ ಹೊರಬೀಳುವುದಿಲ್ಲ. ಒಂದೇ ಹೆಸರಿನ ನಾಲ್ವರು ಶೆಟ್ಟರು, ಇಂಗ್ಲಿಷಿನಲ್ಲಿ ಕೊನೆಗೆ ‘ವೈ’ ಬರೆಯುವ ಪೂಜಾರಿ ಮತ್ತು ‘ಐ’ ಬರೆಯುವ ಪೂಜಾರಿ, ಪರದೆಯ ಅಗಲ ಮೀರುವ ಉದ್ದದ ಹೆಸರು, ಒಂದೇ ಅಂಗಡಿಯಲ್ಲಿ ಮೂರು ಖಾತೆ. ಇಂಥ ಇನ್ನೂರು ಸುಳ್ಳು ಖಾತೆ ಸಾಕು. ಸದಸ್ಯರ ನಿಜವಾದ ಪಟ್ಟಿಯನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ ‘ಇದನ್ನೇ ಹಾಕಿ ತೋರಿಸಿ’ ಎನ್ನುವ ಸಂಘಗಳಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವ ಕಾಲದಲ್ಲಿ ಹಾಗೆ ಮಾಡಬಾರದು, ಕಾಯ್ದೆ ಇಲ್ಲದಿದ್ದರೂ ಮಾಡಬಾರದಿತ್ತು.

ನಮೂನೆ ಏನನ್ನು ತೋರಿಸುವುದಿಲ್ಲ ಎಂಬುದನ್ನೂ ಹೇಳದಿದ್ದರೆ ನಮ್ಮ ಮಾತು ಅರ್ಧವೇ. ಕಚೇರಿಯ ವೈಫೈಯಲ್ಲಿ ಚಂದವಾಗಿ ಓಡಿದ ಆ್ಯಪ್ ಪೇಟೆಯ ಒಳಸಾಲಿನಲ್ಲಿ ಏನು ಮಾಡುತ್ತದೆ? ಫೋನು ನೂರು ರೂಪಾಯಿಯ ನಮೂದನ್ನು ಕಳಿಸುತ್ತದೆ. ಸರ್ವರ್ ಬರೆದುಕೊಳ್ಳುತ್ತದೆ. ‘ಬಂತು’ ಎಂಬ ಉತ್ತರ ವಾಪಸು ಬರುವಷ್ಟರಲ್ಲಿ ನೆಟ್‌ವರ್ಕ್ ಹೋಗುತ್ತದೆ. ಉತ್ತರ ಬಾರದ್ದರಿಂದ ಫೋನು ಮತ್ತೊಮ್ಮೆ ಕಳಿಸುತ್ತದೆ, ಖಾತೆಗೆ ಇನ್ನೂರು ಜಮೆಯಾಗುತ್ತದೆ, ಸಂಜೆ ಕ್ಯಾಷಿಯರ್ ಎದುರು ಸಂಗ್ರಾಹಕರು ನೂರು ರೂಪಾಯಿ ಕಡಿಮೆ ಇಟ್ಟ ಕಳ್ಳರಾಗುತ್ತಾರೆ. ಮದ್ದು ಸುಲಭ: ಪ್ರತಿ ನಮೂದಿಗೂ ಫೋನಿನಲ್ಲೇ ಒಂದು ವಿಶಿಷ್ಟ ಸಂಖ್ಯೆ ಹುಟ್ಟಬೇಕು, ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸದಾಗಿ ಬರೆಯದೆ ಹಳೆಯ ಉತ್ತರವನ್ನೇ ಕೊಡಬೇಕು, ಡೇಟಾಬೇಸಿನಲ್ಲೂ ಆ ಸಂಖ್ಯೆ ಎರಡು ಸಾಲಿನಲ್ಲಿ ಇರದಂತೆ ಕಟ್ಟು ಹಾಕಿರಬೇಕು. ಪರೀಕ್ಷೆಗೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದು, ತೆಗೆಯುವುದು, ಮಧ್ಯದಲ್ಲಿ ಆ್ಯಪನ್ನು ಮುಚ್ಚುವುದು. ಐವತ್ತು ನಮೂದು ಮಾಡಿ ಐವತ್ತೇ ಇದೆಯೇ ಎಂದು ಎಣಿಸಿದರೆ ಆಯಿತು.

ಬ್ಲೂಟೂತ್ ರಶೀದಿ ಯಂತ್ರದ್ದು ಇನ್ನೊಂದು ಗೋಳು. 58 ಮಿಲಿಮೀಟರ್ ಸುರುಳಿಯ ಅಗ್ಗದ ಥರ್ಮಲ್ ಪ್ರಿಂಟರುಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ, ಇದ್ದರೂ ಒತ್ತಕ್ಷರ ಕೂಡಿಸುವುದು ಗೊತ್ತಿರುವುದಿಲ್ಲ. ರಶೀದಿಯನ್ನು ಫೋನಿನಲ್ಲೇ ಚಿತ್ರವಾಗಿ ಮಾಡಿ ಕಳಿಸಬೇಕು; ಅದು ನಿಧಾನ, ಬ್ಯಾಟರಿಯನ್ನೂ ತಿನ್ನುತ್ತದೆ, ಆದ್ದರಿಂದ ಮೂರನೇ ವಾರದೊಳಗೆ ನಿಜವಾದ ಯಂತ್ರದಲ್ಲೇ ನೋಡಬೇಕು. ಸದಸ್ಯರ ಹಳೆಯ ಪಟ್ಟಿ ‘ನುಡಿ’ ತಂತ್ರಾಂಶದ ಯುನಿಕೋಡ್ ಅಲ್ಲದ ಫಾಂಟಿನಲ್ಲಿದ್ದರೆ ಅದನ್ನು ಪರಿವರ್ತಿಸಿ, ಅರ್ಕಾವತ್ತು ಬರುವ ಹೆಸರುಗಳನ್ನು ಕಣ್ಣಿನಿಂದಲೇ ಓದಿ ಸರಿ ನೋಡಬೇಕು. ಗ್ರಾಹಕರಿಗೆ ಎಸ್‌ಎಂಎಸ್ ಹೋಗಬೇಕಾದರೆ ಸಂದೇಶದ ಒಕ್ಕಣೆಯನ್ನು ಮೊದಲೇ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ನೋಂದಾಯಿಸಬೇಕು, ಒಂದು ಪದ ಬದಲಿಸಿದರೂ ಮತ್ತೆ ಅನುಮೋದನೆ. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಅದೊಂದೇ ಸಾಕು ಉದ್ಘಾಟನೆ ಮುಂದೂಡಲು.

ಬಡ್ಡಿ ಲೆಕ್ಕವನ್ನು ಮಾತ್ರ ಈ ಆಟಕ್ಕೆ ಎಳೆಯಬೇಡಿ. ಪರದೆಯನ್ನು ತೋರಿಸಿ ತಿದ್ದಬಹುದು, ಬಡ್ಡಿಯನ್ನು ತೋರಿಸಿ ತಿದ್ದಲಾಗದು. ಅದಕ್ಕೆ ಸಂಘದ ನಿಯಮವನ್ನು ಮೊದಲು ಬರೆದು ಸಹಿ ಮಾಡಿಸಿಯೇ ಹೊರಡಬೇಕು. ಹಳೆಯ ಲೆಡ್ಜರಿನಿಂದ ಇಪ್ಪತ್ತು ಖಾತೆ ಆರಿಸಿ: ಅವಧಿಗೆ ಮೊದಲೇ ಮುಚ್ಚಿದ್ದು, ಮಧ್ಯೆ ಮೂರು ತಿಂಗಳು ಕಟ್ಟದೇ ಇದ್ದದ್ದು, ಖಾತೆದಾರರು ತೀರಿಕೊಂಡದ್ದು, ಅಧಿಕ ವರ್ಷದ ಫೆಬ್ರವರಿ ದಾಟಿದ್ದು. ಪ್ರೋಗ್ರಾಂ ಕೊಡುವ ಉತ್ತರ ಲೆಡ್ಜರಿನ ಉತ್ತರಕ್ಕೆ ಪೈಸೆ ಸಮೇತ ಹೊಂದಬೇಕು. ಹಣವನ್ನು ದಶಮಾಂಶದ ಫ್ಲೋಟ್ ಸಂಖ್ಯೆಯಾಗಿ ಇಡದೆ ಪೈಸೆಯ ಪೂರ್ಣಾಂಕವಾಗಿ ಇಡಿ ಎಂದು ಡೆವಲಪರಿಗೆ ಹೇಳಿ. ಕಂಪ್ಯೂಟರಿನ ದ್ವಿಮಾನ ಪದ್ಧತಿಯಲ್ಲಿ ಹತ್ತು ಪೈಸೆ, ಅಂದರೆ 0.1, ಕರಾರುವಾಕ್ಕಾಗಿ ಕೂರುವುದಿಲ್ಲ. ಸಾವಿರಾರು ಖಾತೆ ಕೂಡಿದಾಗ ಆಡಿಟರಿಗೆ ವಿವರಿಸಲಾಗದ ವ್ಯತ್ಯಾಸ ನಿಲ್ಲುತ್ತದೆ.

ಇನ್ನು ಎಲ್ಲಕ್ಕಿಂತ ದೊಡ್ಡ ಬಲೆ. ನಮೂನೆ ಚೆನ್ನಾಗಿ ಬಂದಷ್ಟೂ ಅಪಾಯ ಹೆಚ್ಚು. ನೋಡಿದವರಿಗೆ ಎಲ್ಲ ಮುಗಿದಂತೆ ಕಾಣುತ್ತದೆ, ‘ಆಗಿದೆಯಲ್ಲ ಮಾರಾಯ್ರೇ, ಸೋಮವಾರವೇ ಶುರು ಮಾಡುವ’ ಎನ್ನುತ್ತಾರೆ. ಒಳಗೆ ಬ್ಯಾಕಪ್ ಇಲ್ಲ, ಯಾರು ಯಾವಾಗ ತಿದ್ದಿದರು ಎಂಬ ದಾಖಲೆ ಇಲ್ಲ, ಇಬ್ಬರು ಒಟ್ಟಿಗೆ ಒಂದೇ ಖಾತೆ ತೆರೆದರೆ ಏನಾಗಬೇಕೆಂಬ ಯೋಚನೆಯೇ ಇಲ್ಲ. ಈಗಂತೂ ಎಐ ಉಪಕರಣಗಳಿಂದ ಒಂದು ಸಂಜೆಯಲ್ಲಿ ಹತ್ತು ಪರದೆ ಎದ್ದು ನಿಲ್ಲುತ್ತವೆ. ಕಲಿಯಲಿಕ್ಕೆ ಅದು ವರ, ಹಾಗೆಯೇ ಬಳಕೆಗೆ ಬಿಡಲು ಶಾಪ. ಎಸೆಯುವ ನಮೂನೆ, ಬೆಳೆಸುವ ನಮೂನೆ ಎಂದು ಎರಡು ಬಗೆ. ಯಾವುದು ಎಂದು ಮೊದಲ ದಿನವೇ ಕಾಗದದಲ್ಲಿ ಬರೆಯಬೇಕು. ಎಸೆಯುವುದಾದರೆ ಬೇಕೆಂದೇ ಒರಟಾಗಿರಲಿ: ಕೈಬರಹದ ಗೆರೆ, ಪ್ರತಿ ಪರದೆಯ ಮೇಲೂ ಅಡ್ಡಲಾಗಿ ‘ನಮೂನೆ’ ಎಂಬ ಮುದ್ರೆ, ಕೊನೆಗೆ ಬಳಸಲಾಗದಂಥ ಬೇರೆ ಉಪಕರಣದಲ್ಲೇ ತಯಾರಿ. ಬೆಳೆಸುವುದಾದರೆ ಮೊದಲ ಸಾಲಿನಿಂದಲೇ, ಪ್ರತಿ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ ಇರಬೇಕು, ಪರೀಕ್ಷೆಗಳು ಜೊತೆಯಲ್ಲೇ ಬರೆಯಲ್ಪಡಬೇಕು, ಡೇಟಾಬೇಸಿನ ಪ್ರತಿ ಬದಲಾವಣೆಗೂ ಹಿಂದೆ ಹೋಗುವ ದಾರಿ ಇರಬೇಕು. ಒಂದನ್ನು ಇನ್ನೊಂದೆಂದು ನಂಬಿಸುವುದರಲ್ಲಿ ನಮ್ಮ ಕಸುಬಿನವರದ್ದೂ ತಪ್ಪಿದೆ. ಬೇಗ ಬಿಲ್ ಆಗುತ್ತದಲ್ಲ!

ಸುತ್ತುಗಳು ಮುಗಿಯದೇ ಹೋಗುವುದೂ ಉಂಟು. ಅದಕ್ಕೆ ಕಾಲದ ಕಟ್ಟು ಬೇಕು: ಎರಡು ವಾರಕ್ಕೊಂದು ಕಂತು, ದಿನಾಂಕ ಮುಂದೆ ಹೋಗದು, ಕೆಲಸವೇ ಕಿರಿದಾಗಬೇಕು. ಪ್ರತಿ ಕಂತಿನ ಆರಂಭದಲ್ಲಿ ಬೇಡಿಕೆಗಳನ್ನು ನಾಲ್ಕು ರಾಶಿ ಮಾಡಿ: ‘ಬೇಕೇ ಬೇಕು’, ‘ಬೇಕು’, ‘ಆದರೆ ಆಗಲಿ’, ‘ಈ ಸಲ ಬೇಡ’. 1994ರಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ, ಸಾಫ್ಟ್‌ವೇರನ್ನು ಕಂತುಕಂತಾಗಿ ಕಟ್ಟುವ ಡಿಎಸ್‌ಡಿಎಂ ಪದ್ಧತಿಯವರು ಮೊದಲ ರಾಶಿ ಒಟ್ಟು ದುಡಿಮೆಯ ಶೇ 60 ಮೀರಬಾರದು ಎನ್ನುತ್ತಾರೆ. ಮೀರಿದರೆ ಅಡಚಣೆ ಬಂದಾಗ ಕೈಬಿಡಲು ಏನೂ ಉಳಿಯುವುದಿಲ್ಲ. ನಾಲ್ಕನೆಯ ರಾಶಿಯನ್ನು ಬರೆದಿಡುವುದು ಮುಖ್ಯ, ಯಾಕೆಂದರೆ ಮುಂದಿನ ಸಭೆಯಲ್ಲಿ ಅದೇ ಮೇಲೆ ಬರುತ್ತದೆ. ಯಾರು, ಯಾವ ದಿನ, ಏನು ಬದಲಿಸಲು ಹೇಳಿದರು, ಏಕೆ ಎಂದು ಒಂದು ಸಾದಾ ನೋಟ್‌ಬುಕ್ಕಿನಲ್ಲಿ ಬರೆದರೂ ಸಾಕು. ಒಂದು ಸುತ್ತಿನಲ್ಲಿ ಬಂದ ತಿದ್ದುಪಡಿಗಳೆಲ್ಲ ಬಣ್ಣ, ಅಕ್ಷರದ ಗಾತ್ರ, ಹೆಸರುಗಳ ಬಗ್ಗೆ ಮಾತ್ರ ಇದ್ದು ಕೆಲಸದ ಹರಿವಿನ ಬಗ್ಗೆ ಒಂದೂ ಇಲ್ಲವೆಂದಾದರೆ ನಮೂನೆ ನಿಲ್ಲಿಸಿ ಕಟ್ಟಲು ಹೊರಡಬಹುದು. ಸಾಮಾನ್ಯವಾಗಿ ಮೂರನೇ ಸುತ್ತಿಗೆ ಇದು ಬರುತ್ತದೆ.

ಹಣ ಪಾವತಿಯ ಕ್ರಮ ಬದಲಾಗದೆ ಇದ್ಯಾವುದೂ ನಡೆಯದು. ‘ದಾಖಲೆ ಒಪ್ಪಿಸಿದಾಗ ಶೇ 40’ ಎಂದು ಬರೆದರೆ ದಾಖಲೆ ದಪ್ಪವಾಗುತ್ತದೆ, ಅಷ್ಟೇ. ನಮ್ಮ ಸಲಹೆ: ಮೂರು ವಾರದ ನಮೂನೆ ಹಂತಕ್ಕೆ ಪ್ರತ್ಯೇಕ ಸಣ್ಣ ಆರ್ಡರ್, ಒಟ್ಟು ಅಂದಾಜಿನ ಶೇ 10. ಸರಿ ಕಾಣದಿದ್ದರೆ ಅಲ್ಲಿಗೇ ನಮಸ್ಕಾರ. ನಮೂನೆ, ಟಿಪ್ಪಣಿ ಎಲ್ಲವೂ ಸಂಘದ ಸೊತ್ತಾಗಿ ಉಳಿದು ಬೇರೆಯವರಿಗೆ ಕೊಡಬಹುದು. ಆಮೇಲೆ ಎರಡು ವಾರದ ಆರು ಕಂತಿಗೆ ತಲಾ ಶೇ 10, ಬಳಸುವವರ ಕೈಯಲ್ಲಿ ಓಡಿದ ಮೇಲೆ. ಹಳೆಯ ಲೆಕ್ಕ ತುಂಬಿಸಿ ಒಂದು ಪೂರ್ತಿ ತಿಂಗಳು ಪುಸ್ತಕವೂ ಆ್ಯಪೂ ಜೊತೆಯಾಗಿ ನಡೆದು ತಾಳೆಯಾದ ಮೇಲೆ ಶೇ 20. ಮೂರು ತಿಂಗಳ ಬಳಿಕ ಉಳಿದ ಶೇ 10. ಆ ಜೊತೆ ಓಟದ ತಿಂಗಳಲ್ಲಿ ದಿನವೂ ಸಂಜೆ ಎರಡರ ಶಿಲ್ಕು ಹೊಂದಬೇಕು. ಹೊಂದದ ದಿನ ರಾತ್ರಿಯೇ ಕಾರಣ ಹುಡುಕಬೇಕು, ವಾರದ ಕೊನೆಗೆ ಒಟ್ಟಿಗೆ ನೋಡುವ ಎಂದು ಬಿಟ್ಟರೆ ಸಿಗುವುದಿಲ್ಲ. ಗುಮಾಸ್ತರಿಗೆ ಎರಡೆರಡು ಬರೆಯುವ ಹೊರೆ ಇರುವುದರಿಂದ ಆ ತಿಂಗಳು ಒಬ್ಬರನ್ನು ಹೆಚ್ಚಿಗೆ ಕೊಡುವುದು ಸಂಘದ ಹೊಣೆ.

ಮಾರ್ಚ್ ತಿಂಗಳಲ್ಲಿ ಮಾತ್ರ ಹೊಸದಕ್ಕೆ ದಾಟಬೇಡಿ, ವರ್ಷಾಂತ್ಯದ ಲೆಕ್ಕದ ನಡುವೆ ಯಾರಿಗೂ ಕಣ್ಣು ಬಿಡಲು ಆಗುವುದಿಲ್ಲ. ಜೂನ್ ಮೊದಲ ವಾರ ನಮೂನೆ ಹಿಡಿದು ಹೊರಟರೆ ಕೊಡೆ, ಪ್ಲಾಸ್ಟಿಕ್ ಚೀಲ, ಕೈಕೊಡುವ ಕರೆಂಟು ಎಲ್ಲವೂ ಪರೀಕ್ಷೆಗೆ ತಾವಾಗಿಯೇ ಒದಗುತ್ತವೆ. ಜೊತೆ ಓಟದ ತಿಂಗಳು ಅಕ್ಟೋಬರಿಗೆ ಬೀಳುತ್ತದೆ, ಮಾರ್ಚಿನ ಲೆಕ್ಕಕ್ಕೆ ಇನ್ನೂ ನಾಲ್ಕು ತಿಂಗಳು ಕೈಯಲ್ಲಿರುತ್ತದೆ.

— ಸಾಫ್ಟ್‌ವೇರ್ ಕ್ಷೇತ್ರದ ಕೆಲವು ಉದ್ಯೋಗಿಗಳು, ಉಡುಪಿ–ಮಂಗಳೂರು